ವಿದ್ಯಾರ್ಥಿಯ ಕಾಲವೆಂಬ ಪ್ರಸಾದ

(ವಚನ ಪಿತಾಮಹ ಫ. ಗು. ಹಳಕಟ್ಟಿಯವರ ಕಾಲೇಜು ದಿನಗಳು ಹಾಗೂ ಅವುಗಳ ಫಲ)

ಶರಣಧರ್ಮದಲ್ಲಿ ಪ್ರಸಾದಕ್ಕೆ ಇರುವ ಸ್ಥಾನವು ಎಲ್ಲ ಭಕ್ತರಿಗೂ ವಿದಿತವಾದುದೇ. ಲಿಂಗಕ್ಕೆ ಅರ್ಪಿತವಾಗಿ ಬಂದುದನ್ನು ಭಕ್ತನು ಒಂದು ಅಗುಳನ್ನೂ ಬಿಡದೆ ಸ್ವೀಕರಿಸುವನು. ಎಡೆಯಲ್ಲಿ ಉಳಿಸಿ ಏಳುವುದು ಅವನಿಗೆ ಸಲ್ಲದು. ಅನ್ನದ ವಿಷಯದಲ್ಲಿ ಇಷ್ಟೊಂದು ಎಚ್ಚರವುಳ್ಳ ಮನೆಗಳಲ್ಲಿಯೂ ಕಾಲದ ವಿಷಯದಲ್ಲಿ ಆ ಎಚ್ಚರವು ಕಾಣಬರುವುದು ವಿರಳ. ಚೆಲ್ಲಿದ ಅನ್ನವು ಕಣ್ಣಿಗೆ ಬೀಳುತ್ತದೆ; ಕಳೆದ ದಿನವು ಕಣ್ಣಿಗೆ ಬೀಳದು. ಆದುದರಿಂದಲೇ ಮನುಷ್ಯನು ಅನ್ನವನ್ನು ಚೆಲ್ಲಲು ಅಂಜುವನು, ಆಯುಷ್ಯವನ್ನು ಚೆಲ್ಲಲು ಅಂಜನು.

ಈ ಮಾತು ಕಾಲೇಜಿನಲ್ಲಿ ಓದುವ ತರುಣರಿಗೆ ವಿಶೇಷವಾಗಿ ಅನ್ವಯಿಸುವುದು. ವಿದ್ಯಾರ್ಥಿಯು ತನ್ನ ಅನ್ನವನ್ನು ತಾನು ದುಡಿದು ಉಣ್ಣುತ್ತಿರುವುದಿಲ್ಲ. ಹೊಲದಲ್ಲಿ ದುಡಿಯುವ ತಂದೆ, ಮನೆಯ ಖರ್ಚಿನಲ್ಲಿ ಬಿಗಿ ಹಿಡಿದು ಉಳಿಸುವ ತಾಯಿ, ಉಚಿತ ಪ್ರಸಾದನಿಲಯವನ್ನು ನಡೆಸುವ ಮಠ, ವಿದ್ಯಾರ್ಥಿವೇತನವನ್ನು ಕೊಡುವ ಸಂಸ್ಥೆ, ಇವರೆಲ್ಲರ ಕಾಯಕವು ಕೂಡಿ ಅವನ ಒಂದೊಂದು ದಿನವಾಗಿರುತ್ತದೆ. ಅನ್ಯರ ಕಾಯಕದಿಂದ ತನಗೆ ದೊರೆತ ಕಾಲವು ಪ್ರಸಾದವೇ ಸರಿ. ಅದನ್ನು ಉಳಿಸದೆ, ಚೆಲ್ಲದೆ ಸ್ವೀಕರಿಸುವುದು ಹೇಗೆಂಬುದನ್ನು ತಿಳಿಯಬಯಸುವವರಿಗೆ ವಚನ ಪಿತಾಮಹರೆಂದು ನಾಡು ಗೌರವಿಸಿದ ಫ. ಗು. ಹಳಕಟ್ಟಿಯವರ ಜೀವನವು ಉತ್ತಮ ನಿದರ್ಶನವಾಗಿದೆ. ಅವರು ಮುಂಬಯಿಯಲ್ಲಿ ವಿದ್ಯಾರ್ಥಿಯಾಗಿ ಕಳೆದುದು ಎಂಟು ವರ್ಷಗಳ ಆಸುಪಾಸು. ಎಂಬತ್ತನಾಲ್ಕು ವರ್ಷಗಳ ಸಮೀಪದ ಬಾಳಿನಲ್ಲಿ ಅದು ಹತ್ತನೆಯ ಒಂದು ಪಾಲು. ಉಳಿದ ಒಂಬತ್ತು ಪಾಲುಗಳಿಗೆ ದಿಕ್ಕು ತೋರಿದುದು ಆ ಒಂದು ಪಾಲೇ.

ಧಾರವಾಡದ ಬಾಲ್ಯ

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ತಾಯಿ ದಾನಾದೇವಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಮಗುವನ್ನು ಅಜ್ಜಿಯು ಅಕ್ಕರೆಯಿಂದ ಸಾಕಿದರು. ಗುರುಬಸಪ್ಪನವರು ಶಾಲೆಯ ಪಾಠವನ್ನು ಹೇಳಿ ಸುಮ್ಮನಾದವರಲ್ಲ. ಇತಿಹಾಸದ ಸಂಗತಿಗಳನ್ನು ಕನ್ನಡದಲ್ಲಿ ಬರೆದು ಜನಕ್ಕೆ ತಿಳಿಸುವ ಹವ್ಯಾಸವು ಅವರಿಗಿದ್ದಿತು. ಮನೆಯಲ್ಲಿ ಪುಸ್ತಕವಿದ್ದಿತು, ಬರವಣಿಗೆಯಿದ್ದಿತು; ಹಣವು ಹೇರಳವಾಗಿರಲಿಲ್ಲ.

ಆ ಕಾಲದ ಧಾರವಾಡವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಈ ನಾಲ್ಕು ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕಚೇರಿಗಳಲ್ಲಿಯೂ ಸುಶಿಕ್ಷಿತರ ಬಳಕೆಯಲ್ಲಿಯೂ ಮರಾಠಿಯ ಪ್ರಾಬಲ್ಯವು ಹೆಚ್ಚಾಗಿದ್ದಿತು. ಕನ್ನಡ ಶಾಲೆಗಳಿಗಾಗಿ ಹೆಣಗಿದ ಡೆಪ್ಯುಟಿ ಚನ್ನಬಸಪ್ಪನವರು ಹಳಕಟ್ಟಿಯವರು ಹುಟ್ಟಿದ ಮರುವರ್ಷ, 1881ರಲ್ಲಿ, ಲಿಂಗೈಕ್ಯರಾದರು. ಬಡ ವಿದ್ಯಾರ್ಥಿಗಳ ಓದಿಗೆ ನೆರವಾಗಲೆಂದು ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಮೊದಲಾದ ಮಹನೀಯರು ಕೂಡಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಅದರ ವಾಗ್ಭೂಷಣ ಪತ್ರಿಕೆಯು 1896ರಲ್ಲಿ ಹೊರಡತೊಡಗಿತು. ಸಮಾಜವು ವಿದ್ಯೆಗಾಗಿ ಕೈಮುಷ್ಟಿಯಷ್ಟು ಧನವನ್ನು ಕೂಡಿಸುತ್ತಿದ್ದ ದಿನಗಳವು. ಒಬ್ಬ ಹುಡುಗನು ಕಾಲೇಜಿಗೆ ಹೋದನೆಂದರೆ ಅದು ಅವನ ಮನೆಯ ಸುದ್ದಿಯಷ್ಟೇ ಆಗಿರದೆ ಊರಿನ ಸುದ್ದಿಯಾಗುತ್ತಿದ್ದಿತು.

ಮುಂಬಯಿಯ ದಾರಿ

ಹಳಕಟ್ಟಿಯವರು 1896ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮುಂದಿನ ಓದಿಗೆ ಧಾರವಾಡದಲ್ಲಿ ಕಾಲೇಜಿರಲಿಲ್ಲ. ಕರ್ನಾಟಕ ಕಾಲೇಜು ಅಲ್ಲಿ ಆರಂಭವಾದುದು 1917ರಲ್ಲಿ. ಆದುದರಿಂದ ಕನ್ನಡ ಜಿಲ್ಲೆಗಳ ತರುಣರು ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದಿತು. ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. 1869ರಲ್ಲಿ ಜೆಸುಯಿಟ್ ಪಾದ್ರಿಗಳು ಸ್ಥಾಪಿಸಿದ ವಿದ್ಯಾಲಯವದು.

ಅವರು ಹೋದ ಕಾಲವು ಸುಭಿಕ್ಷದ ಕಾಲವಾಗಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮಹಾಮಾರಿಯು ಆ ನಗರವನ್ನು ವರ್ಷಗಟ್ಟಲೆ ಬಿಡಲಿಲ್ಲ. ಸಾವಿರಾರು ಜನರು ಮಡಿದರು. ಲಕ್ಷಾಂತರ ಜನರು ಮನೆಮಾರುಗಳನ್ನು ಬಿಟ್ಟು ಊರುಗಳ ಕಡೆಗೆ ಓಡಿದರು. ಅದರ ಬೆನ್ನಲ್ಲಿಯೇ 1899-1900ರಲ್ಲಿ ಮುಂಬಯಿ ಪ್ರಾಂತದ ಬಹುಭಾಗವು ಘೋರವಾದ ಬರಕ್ಕೆ ತುತ್ತಾಯಿತು. ಹಳಕಟ್ಟಿಯವರ ಕಾಲೇಜು ವಿದ್ಯಾಭ್ಯಾಸವೆಲ್ಲವೂ ಈ ಎರಡು ಆಪತ್ತುಗಳ ನೆರಳಿನಲ್ಲಿ ನಡೆಯಿತೆಂಬುದನ್ನು ಮರೆಯಲಾಗದು. ಸಾವು ನೆರೆಯ ಬೀದಿಯಲ್ಲಿ ಸುಳಿಯುತ್ತಿರುವಾಗ ಒಂದು ದಿನದ ಬೆಲೆಯು ತಾನಾಗಿಯೇ ತಿಳಿಯುತ್ತದೆ. ನಾಳೆ ಓದಿದರಾಯಿತೆಂಬ ಮಾತು ಅಂಥ ಊರಿನಲ್ಲಿ ಯಾರ ಬಾಯಲ್ಲಿಯೂ ಸುಲಭವಾಗಿ ಬರಲಾರದು.

ಪಾಠದ ಕೋಣೆಯ ಒಳಗೆ

ಹಳಕಟ್ಟಿಯವರು ಕಾಲೇಜಿನಲ್ಲಿ ಅಭ್ಯಾಸಕ್ಕೆ ಆರಿಸಿಕೊಂಡುದು ವಿಜ್ಞಾನವನ್ನು. 1901ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನ ಸುಮಾರಿಗೆ, ಪದವಿಯನ್ನು ಪಡೆದರು. ಮುಂದೆ ಅವರು ಮಾಡಿದ ಕೆಲಸವೆಲ್ಲವೂ ವಚನಗಳದು, ಓಲೆಗರಿಗಳದು, ಶರಣರ ಚರಿತ್ರೆಯದು. ಮೇಲುನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲವೆಂದು ತೋರಬಹುದು. ವಿಜ್ಞಾನವನ್ನು ಓದಿ ವ್ಯರ್ಥವಾಯಿತೆಂದು ಯಾರಾದರೂ ಭಾವಿಸಬಹುದು. ಆದರೆ ಅವರ ಗ್ರಂಥಗಳನ್ನು ತೆರೆದು ನೋಡಿದವರಿಗೆ ಆ ಓದು ಎಲ್ಲಿ ಫಲಿಸಿತೆಂಬುದು ವಿಶದವಾಗುತ್ತದೆ.

ವಿಜ್ಞಾನವು ಮೊದಲು ಕಲಿಸುವುದು ನೋಡುವ ಕ್ರಮವನ್ನು. ಇರುವುದನ್ನು ಇದ್ದಂತೆ ಕಾಣಬೇಕು, ಒಂದು ಮಾದರಿಯನ್ನು ನೋಡಿ ನಿರ್ಣಯಕ್ಕೆ ಬರದೆ ಹಲವನ್ನು ಕೂಡಿಸಬೇಕು, ಕೂಡಿಸಿದುದನ್ನು ಬಗೆಬಗೆಯಾಗಿ ವಿಂಗಡಿಸಬೇಕು, ಒಂದನ್ನು ಮತ್ತೊಂದರೊಡನೆ ಹೋಲಿಸಬೇಕು, ಆಮೇಲೆ ಮಾತನಾಡಬೇಕು. ಹಳಕಟ್ಟಿಯವರು ವಚನಗಳ ಕೆಲಸವನ್ನು ನಡೆಸಿದುದು ಈ ಕ್ರಮದಲ್ಲಿಯೇ. ಓಲೆಯ ಕಟ್ಟುಗಳನ್ನು ಹಲವೆಡೆಗಳಿಂದ ಸಂಗ್ರಹಿಸಿದರು; ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡಿದರು; ಚದುರಿದ ವಚನಗಳನ್ನು ವಿಷಯಕ್ಕೆ ತಕ್ಕಂತೆ, ಷಟ್‌ಸ್ಥಲದ ಮೆಟ್ಟಿಲುಗಳಿಗೆ ಅನುಸಾರವಾಗಿ ಜೋಡಿಸಿದರು. ವಚನ ಶಾಸ್ತ್ರ ಸಾರ ಎಂಬ ಅವರ ಮಹಾಗ್ರಂಥವನ್ನು ಕೈಗೆತ್ತಿಕೊಂಡವನಿಗೆ ಭಕ್ತನ ಹೃದಯವು ಎಷ್ಟು ಕಾಣುವುದೋ ವಿಜ್ಞಾನದ ವಿದ್ಯಾರ್ಥಿಯ ಶಿಸ್ತೂ ಅಷ್ಟೇ ಕಾಣುವುದು.

ಇದರಲ್ಲಿ ತರುಣರು ತಿಳಿಯಬೇಕಾದ ಒಂದು ಮರ್ಮವಿದೆ. ಕಾಲೇಜಿನ ಪಾಠವು ತನ್ನ ಮುಂದಿನ ಉದ್ಯೋಗಕ್ಕೆ ನೇರವಾಗಿ ಬಳಕೆಯಾಗುವುದೋ ಇಲ್ಲವೋ ಎಂದು ಅಳೆಯುತ್ತ ಕುಳಿತವನು ಅರ್ಧವನ್ನಷ್ಟೇ ಕಲಿಯುವನು. ಪರೀಕ್ಷೆಗಾಗಿ ಕಂಠಪಾಠ ಮಾಡಿದುದು ಪರೀಕ್ಷೆಯ ಮರುದಿನವೇ ಹೊರಟುಹೋಗುತ್ತದೆ. ಪಾಠದೊಳಗಿನ ಕ್ರಮವನ್ನು ಮೈಗೂಡಿಸಿಕೊಂಡವನಿಗೆ ಅದು ಯಾವ ಕೆಲಸದಲ್ಲಿಯೂ ಒದಗುವುದು. ಅರಿವು ಆಚಾರವಾಗಿ ಇಳಿಯಬೇಕೆಂದು ಶರಣರು ಒತ್ತಿ ಹೇಳಿದುದು ಧರ್ಮದ ವಿಷಯಕ್ಕೆ ಮಾತ್ರ ಸೀಮಿತವಾದುದಲ್ಲ. ಶಾಲೆಯ ಅರಿವಿಗೂ ಅದೇ ನಿಯಮವು ಸಲ್ಲುತ್ತದೆ.

ಪಾಠದ ಕೋಣೆಯ ಹೊರಗೆ

ಕಾಲೇಜು ಕಲಿಸಿದುದು ಇಷ್ಟಾದರೆ ನಗರವು ಕಲಿಸಿದುದು ಇನ್ನೊಂದು. ಧಾರವಾಡದಿಂದ ಹೋದ ತರುಣನಿಗೆ ಮುಂಬಯಿಯಲ್ಲಿ ಕಣ್ಣಿಗೆ ಕಟ್ಟಿದುದು ಅಲ್ಲಿಯ ಜನರ ಭಾಷಾಪ್ರೇಮ. ಗುಜರಾತಿಗಳಿಗೆ 1822ರಿಂದ ನಡೆದುಬಂದ ಮುಂಬಯಿ ಸಮಾಚಾರವೆಂಬ ಪತ್ರಿಕೆಯಿದ್ದಿತು. ಮರಾಠಿಗರಿಗೆ ಪುಣೆಯಿಂದ 1881ರಲ್ಲಿ ಆರಂಭವಾದ ಕೇಸರಿಯಿದ್ದಿತು. ನ್ಯಾಯಮೂರ್ತಿ ರಾನಡೆಯವರಂಥ ಉನ್ನತಾಧಿಕಾರಿಗಳು ಸಹ ತಮ್ಮ ಜನರ ಇತಿಹಾಸವನ್ನು ಬರೆಯುವುದರಲ್ಲಿ ತೊಡಗಿದ್ದರು. ಇತಿಹಾಸಾಚಾರ್ಯ ರಾಜವಾಡೆಯವರು ಮಹಾರಾಷ್ಟ್ರದ ಊರೂರುಗಳಲ್ಲಿ ಹಳೆಯ ಮನೆಗಳ ಕಾಗದಪತ್ರಗಳನ್ನು ಹುಡುಕಿ ತೆಗೆದು, ಮರಾಠರ ಇತಿಹಾಸದ ಸಾಧನಗಳ ಮೊದಲನೆಯ ಸಂಪುಟವನ್ನು ಪ್ರಕಟಿಸಿದುದು 1898ರಲ್ಲಿ. ಎಂದರೆ ಹಳಕಟ್ಟಿಯವರು ಮುಂಬಯಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ.

ಈ ಜನರು ತಮ್ಮ ನುಡಿಯಲ್ಲಿ ಬರೆಯುವುದನ್ನು, ತಮ್ಮ ಸಂಸ್ಥೆಗಳನ್ನು ಕಟ್ಟುವುದನ್ನು, ತಮ್ಮ ಪೂರ್ವಿಕರ ಕೃತಿಗಳನ್ನು ಕಾಪಾಡುವುದನ್ನು ಹಳಕಟ್ಟಿಯವರು ಹತ್ತಿರದಿಂದ ಕಂಡರು. ಕಂಡಾಗ ತಮ್ಮ ನಾಡಿನ ಸ್ಥಿತಿಯು ನೆನಪಾಗದಿರಲಿಲ್ಲ. ಕನ್ನಡಿಗರಲ್ಲಿ ಓದಿದವರು ಕನ್ನಡವನ್ನು ಆಡಲು ಹಿಂಜರಿಯುವ ಕಾಲವದು. ಶರಣರ ವಚನಗಳಂತೂ ಓಲೆಗಳಲ್ಲಿ ಕಟ್ಟಿದಂತೆಯೇ ಉಳಿದಿದ್ದವು. ಇಂಥ ಸಂದರ್ಭದಲ್ಲಿ ತರುಣರಿಗೆ ಎರಡು ದಾರಿಗಳು ತೋರುತ್ತವೆ. ಅನ್ಯರ ಏಳಿಗೆಯನ್ನು ಕಂಡು ಕರುಬುವುದು ಒಂದು. ಅವರನ್ನೇ ಅನುಕರಿಸಿ ತನ್ನ ಮನೆಯ ಮಾತನ್ನು ಮರೆಯುವುದು ಇನ್ನೊಂದು. ಹಳಕಟ್ಟಿಯವರು ಎರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದರು. ಅವರಂತೆಯೇ ತಮ್ಮ ನುಡಿಗೂ ಜನಕ್ಕೂ ದುಡಿಯಬೇಕೆಂಬ ಸಂಕಲ್ಪವನ್ನು ಅಲ್ಲಿಯೇ ಮಾಡಿದರು. ಮರಾಠಿಯ ಮೇಲೆ ಅವರಿಗೆ ದ್ವೇಷ ಹುಟ್ಟಲಿಲ್ಲ. ಕನ್ನಡದ ಮೇಲೆ ಹೊಣೆ ಹುಟ್ಟಿತು.

ಊರನ್ನು ಬಿಟ್ಟು ದೂರದಲ್ಲಿ ಓದುವುದರ ದೊಡ್ಡ ಲಾಭವು ಇದೇ. ಮನೆಯೊಳಗೆ ಇದ್ದಾಗ ಮನೆಯ ಬಿರುಕು ಕಾಣದು. ಹೊರಗೆ ನಿಂತು ನೋಡಿದವನಿಗೆ ಕಾಣುತ್ತದೆ. ಆದರೆ ನೋಡುವ ಕಣ್ಣಿರಬೇಕು. ಅದೇ ನಗರದ ಅದೇ ಬೀದಿಗಳಲ್ಲಿ ಆ ವರ್ಷಗಳಲ್ಲಿ ನೂರಾರು ತರುಣರು ನಡೆದಾಡಿದರು. ಅಂಗಡಿಯ ದೀಪಗಳನ್ನು ಕಂಡವರು ಹಲವರು. ನಾಡಿನ ಕತ್ತಲೆಯನ್ನು ಕಂಡವರು ಕೆಲವರು.

ಒಡನಾಟದ ಫಲ

ಮುಂಬಯಿಯ ದಿನಗಳಲ್ಲಿಯೇ ಹಳಕಟ್ಟಿಯವರಿಗೆ ಆಲೂರ ವೆಂಕಟರಾಯರ ಒಡನಾಟವು ಲಭಿಸಿತು. ಇಬ್ಬರೂ 1880ರ ಜುಲೈ ತಿಂಗಳಿನಲ್ಲಿ, ಹತ್ತು ದಿನಗಳ ಅಂತರದಲ್ಲಿ ಹುಟ್ಟಿದವರು; 1964ರಲ್ಲಿ ನಾಲ್ಕೇ ತಿಂಗಳುಗಳ ಅಂತರದಲ್ಲಿ ಲೋಕವನ್ನು ಬಿಟ್ಟವರು. ಇಬ್ಬರೂ ಕಾಯಿದೆಯನ್ನು ಓದಿದವರು. ಒಬ್ಬರು ಕರ್ನಾಟಕದ ಗತವೈಭವವನ್ನು ಹುಡುಕಿಕೊಂಡು ಹೋದರು. ಮತ್ತೊಬ್ಬರು ಶರಣರ ವಚನಭಾಂಡಾರವನ್ನು ಹುಡುಕಿಕೊಂಡು ಹೋದರು. ಕುಲ ಬೇರೆ, ಮತ ಬೇರೆ, ಹಿಡಿದ ಕಾರ್ಯಕ್ಷೇತ್ರವೂ ಬೇರೆ. ನಾಡಿನ ಮೇಲಿನ ಪ್ರೀತಿಯು ಒಂದೇ.

ಸಜ್ಜನರ ಸಂಗವನ್ನು ಶರಣರು ಎಷ್ಟು ಹಂಬಲಿಸಿದರೆಂಬುದನ್ನು ವಚನಗಳನ್ನು ಓದಿದವರೆಲ್ಲರೂ ಬಲ್ಲರು. ಅನುಭವಮಂಟಪವು ಬೆಳೆದುದೇ ಸಂಗದಿಂದ. ವಿದ್ಯಾರ್ಥಿ ಜೀವನದಲ್ಲಿ ಸಂಗದ ಪ್ರಭಾವವು ಗುರುವಿನ ಪ್ರಭಾವಕ್ಕಿಂತ ಕಡಿಮೆಯಾದುದಲ್ಲ. ಗುರುವಿನೊಡನೆ ಇರುವುದು ದಿನಕ್ಕೆ ಒಂದೆರಡು ತಾಸು. ಗೆಳೆಯರೊಡನೆ ಇರುವುದು ಉಳಿದ ಹೊತ್ತೆಲ್ಲ. ಕಾಲವನ್ನು ಕಳೆಯಲೆಂದು ಕೂಡಿದ ಗೆಳೆತನವು ಕಾಲದೊಡನೆಯೇ ಕಳೆದುಹೋಗುವುದು. ಒಂದು ಧ್ಯೇಯದ ಸುತ್ತ ಕೂಡಿದ ಗೆಳೆತನವು ಅರುವತ್ತು ವರ್ಷ ಬಾಳುವುದು. ಇವರ ಬಾಳಿನಲ್ಲಿ ಹಾಗೆಯೇ ಆಯಿತು.

ಪದವಿಯ ಮುಂದಿನ ಕವಲುದಾರಿ

ಪದವಿಯಾದ ಮೇಲೆ ಹಳಕಟ್ಟಿಯವರು ಕಾಯಿದೆಯ ಅಭ್ಯಾಸವನ್ನು ಕೈಗೊಂಡು 1904ರಲ್ಲಿ ಎಲ್‌ಎಲ್.ಬಿ. ಪರೀಕ್ಷೆಯನ್ನು ಮುಗಿಸಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಪದವೀಧರರೇ ವಿರಳವಾಗಿದ್ದ ಆ ಕಾಲದಲ್ಲಿ ಎರಡು ಪದವಿಗಳುಳ್ಳ ತರುಣನಿಗೆ ಸರಕಾರದ ಹುದ್ದೆಯಾಗಲಿ ಮುಂಬಯಿಯಲ್ಲಿ ವಕೀಲಿಯಾಗಲಿ ದೊರೆಯದ ವಸ್ತುವಾಗಿರಲಿಲ್ಲ. ಅವರು ಹಿಂತಿರುಗಿ ಬಂದರು. ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ, ಬಿಜಾಪುರಕ್ಕೆ ಬಂದು ನೆಲೆ ನಿಂತರು. ಮಳೆ ಕಡಿಮೆ, ಬರ ಹೆಚ್ಚು, ವಿದ್ಯಾಸಂಸ್ಥೆಗಳು ವಿರಳ ಎಂಬಂಥ ಜಿಲ್ಲೆಯದು. ಕೆಲಸವಿರುವ ಊರನ್ನು ಅವರು ಆರಿಸಿಕೊಂಡರು.

ಆಯ್ದಕ್ಕಿ ಮಾರಯ್ಯನ ಕಥೆಯು ಭಕ್ತರಿಗೆ ಚಿರಪರಿಚಿತ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ವಿದ್ಯೆಯ ವಿಷಯದಲ್ಲಿಯೂ ಈ ಲೆಕ್ಕವೇ ಸಲ್ಲುವುದು. ತನ್ನ ಮತ್ತು ತನ್ನವರ ಬದುಕಿಗೆ ಬೇಕಾದಷ್ಟು ವಿದ್ಯೆಯ ಫಲವನ್ನು ಮನುಷ್ಯನು ತೆಗೆದುಕೊಳ್ಳಲಿ, ಅದು ನ್ಯಾಯವೇ. ಅದಕ್ಕೆ ಮಿಕ್ಕುದು ಬಂದ ಅಂಗಳಕ್ಕೆ ಹಿಂತಿರುಗಿ ಹೋಗಬೇಕು. ಹಳಕಟ್ಟಿಯವರಿಗೆ ವಕೀಲಿಯು ಹೊಟ್ಟೆಗೆ ಒದಗಿದ ಕಾಯಕವಾಯಿತು. ಉಳಿದ ಹೊತ್ತೆಲ್ಲವೂ ಸಮಾಜದ ಅಂಗಳಕ್ಕೆ ಸಂದಿತು.

ಬಿಜಾಪುರದಲ್ಲಿ 1910ರಲ್ಲಿ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಘವು ಸ್ಥಾಪಿತವಾಗುವುದರಲ್ಲಿ ಅವರ ಶ್ರಮವು ಹಿರಿದು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಣ್ತೆರೆಯಿತು. ಸಾಲದ ಬಡ್ಡಿಯಲ್ಲಿ ನರಳುವ ಜನಕ್ಕೆ ಅದು ಆಸರೆಯಾಯಿತು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು. ವಿದ್ಯಾರ್ಥಿಯಾಗಿ ನೋಡುತ್ತ ನಡೆದ ಅದೇ ನಗರಕ್ಕೆ ಈಗ ತಮ್ಮ ಜಿಲ್ಲೆಯ ಜನರ ಮಾತನ್ನು ಹೊತ್ತು ಹೋದರು.

ತಾಳ್ಮೆಯ ಇಪ್ಪತ್ತು ವರ್ಷಗಳು

ವಕೀಲಿಯ ಆರಂಭದ ದಿನಗಳ ಆಸುಪಾಸಿನಲ್ಲಿಯೇ ರಬಕವಿ-ಬನಹಟ್ಟಿಯ ಕಡೆಯ ಭಕ್ತರ ಮನೆಯಲ್ಲಿ ವಚನಗಳ ಓಲೆಯ ಪ್ರತಿಗಳು ಹಳಕಟ್ಟಿಯವರ ಕಣ್ಣಿಗೆ ಬಿದ್ದವು. ಅಂದಿನಿಂದ ಆ ಹುಡುಕಾಟವು ನಿಲ್ಲಲಿಲ್ಲ. ಆ ಕಾಲದಲ್ಲಿ ಅನೇಕ ಮನೆಗಳಲ್ಲಿಯೂ ಮಠಗಳಲ್ಲಿಯೂ ಓಲೆಯ ಕಟ್ಟುಗಳು ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವೇ ಹೊರತು ಅವುಗಳನ್ನು ಬಿಚ್ಚಿ ಓದುವವರು ಇರಲಿಲ್ಲ. ಗೆದ್ದಲಿಗೆ, ತೇವಕ್ಕೆ, ಅಲಕ್ಷ್ಯಕ್ಕೆ ತುತ್ತಾಗಿ ಎಷ್ಟೋ ಕಟ್ಟುಗಳು ಹಾಳಾಗಿದ್ದವು. ಹಳಕಟ್ಟಿಯವರು ಕೋರ್ಟಿನ ಕೆಲಸವನ್ನು ಮುಗಿಸಿ, ಬಿಡುವು ದೊರೆತಾಗಲೆಲ್ಲ ಹಳ್ಳಿಗಳನ್ನು ಸುತ್ತಿ, ಮನೆಯ ಯಜಮಾನರನ್ನು ಒಡಂಬಡಿಸಿ, ಓಲೆಗಳನ್ನು ತಂದು ಪ್ರತಿಮಾಡಿದರು.

ಮುಂಬಯಿಯ ಅಭ್ಯಾಸವು ಮುಗಿದುದು 1904ರಲ್ಲಿ. ವಚನ ಶಾಸ್ತ್ರ ಸಾರದ ಮೊದಲನೆಯ ಭಾಗವು ಬೆಳಕು ಕಂಡುದು 1923ರಲ್ಲಿ. ನಡುವೆ ಹತ್ತೊಂಬತ್ತು ವರ್ಷಗಳು. ವಿದ್ಯಾರ್ಥಿಯ ಎದೆಯಲ್ಲಿ ಬಿದ್ದ ಬೀಜವು ಇಷ್ಟು ಕಾಲ ನೆಲದೊಳಗೇ ಬೇರೂರಿತು. ಗ್ರಂಥವು ಸಿದ್ಧವಾದ ಮೇಲೆಯೂ ದಾರಿ ಸುಗಮವಾಗಲಿಲ್ಲ. ಮಂಗಳೂರಿನ ಮುದ್ರಣಾಲಯವೊಂದು ಹಸ್ತಪ್ರತಿಯನ್ನು ಅಚ್ಚುಮಾಡದೆ ಹಿಂತಿರುಗಿಸಿತು. ಕಡೆಗೆ ಬೆಳಗಾವಿಯಲ್ಲಿ ಅದು ಮುದ್ರಿತವಾಯಿತು. ಅನ್ಯರ ಮುದ್ರಣಾಲಯವನ್ನು ನೆಚ್ಚಿ ಈ ಕಾರ್ಯವು ಸಾಗದೆಂದು ಮನಗಂಡ ಹಳಕಟ್ಟಿಯವರು ತಮ್ಮ ಮನೆಯನ್ನು ಮಾರಿ, 1925ರಲ್ಲಿ ಬಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು.

ಒಬ್ಬ ವಕೀಲನು ತನ್ನ ಮನೆಯನ್ನು ಮಾರಿ ಅಚ್ಚಿನ ಮೊಳೆಗಳನ್ನು ಕೊಂಡುದು ಲೋಕದ ಲೆಕ್ಕಕ್ಕೆ ಹುಚ್ಚೆಂದೇ ತೋರುವುದು. ವಕೀಲಿಯ ಆದಾಯವು ಪುಸ್ತಕಗಳಿಗೆ ಹೋಯಿತು. ಬಾಳು ಬಡತನದಲ್ಲಿಯೇ ಸಾಗಿತು. ಈ ಸಂಕಷ್ಟವು ಅವರೊಬ್ಬರದಾಗಿರಲಿಲ್ಲ. ಮನೆಯವರೆಲ್ಲರೂ ಅದನ್ನು ಹೊತ್ತರು. ಗೃಹಸ್ಥನೊಬ್ಬನ ದೊಡ್ಡ ಸಂಕಲ್ಪಕ್ಕೆ ಮನೆಯ ಹೆಣ್ಣುಮಕ್ಕಳೂ ಮಕ್ಕಳೂ ತೆರುವ ಬೆಲೆಯನ್ನು ಚರಿತ್ರೆಕಾರರು ಬಹುಶಃ ಬರೆಯುವುದಿಲ್ಲ. ಭಕ್ತರು ಅದನ್ನು ನೆನೆಯಬೇಕು.

ಸಂಕಲ್ಪದ ಫಲ

ಶಿವಾನುಭವ ಪತ್ರಿಕೆಯು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಶೂನ್ಯ ಸಂಪಾದನೆಯೂ ಹರಿಹರನ ರಗಳೆಗಳೂ ಅನೇಕ ಶರಣರ ವಚನಗಳೂ ಹಳಕಟ್ಟಿಯವರ ಕೈಯಿಂದ ಅಚ್ಚಿನ ಬೆಳಕನ್ನು ಕಂಡವು. ಅದುವರೆಗೆ ಜನಕ್ಕೆ ತಿಳಿದಿದ್ದ ವಚನಕಾರರು ಬೆರಳೆಣಿಕೆಯ ಕೆಲವರು; ಅವರ ಶೋಧನೆಯಿಂದ ಆ ಸಂಖ್ಯೆಯು ಇನ್ನೂರಕ್ಕೂ ಮೇಲೇರಿತು. ಅಂಬಿಗ, ಮಡಿವಾಳ, ಮಾದಾರ, ಹಡಪದ ಎಂದು ಕಾಯಕದ ಹೆಸರನ್ನೇ ಮುಂದಿಟ್ಟುಕೊಂಡ ಶರಣರೂ, ಅಡಿಗೆ ಮನೆಯಲ್ಲಿ ನಿಂತು ತತ್ತ್ವವನ್ನು ಕಂಡ ಶರಣೆಯರೂ ಕನ್ನಡಿಗರ ಮನೆಗಳಿಗೆ ಮರಳಿ ಬಂದರು.

ನಾಡು ಈ ಕಾಯಕವನ್ನು ಗುರುತಿಸದಿರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ 12ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹಳಕಟ್ಟಿಯವರು ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ಸಲ್ಲಿಸಿತು. ಕರ್ನಾಟಕದ ಏಕೀಕರಣವಾದುದೂ ಅದೇ ವರ್ಷ. ಮುಂಬಯಿಯ ಕಾಲೇಜಿನಲ್ಲಿ ಪಡೆದ ಪದವಿಯು ಅವರ ಬಾಳಿನ ಆರಂಭದಲ್ಲಿ ಬಂದಿತು. ಧಾರವಾಡದ ವಿಶ್ವವಿದ್ಯಾಲಯದ ಪದವಿಯು ಐವತ್ತೈದು ವರ್ಷಗಳ ಮೇಲೆ ಬಂದಿತು. ಮೊದಲನೆಯದು ಓದಿಗೆ ಸಂದುದು. ಎರಡನೆಯದು ಓದನ್ನು ಬಳಸಿದ ರೀತಿಗೆ ಸಂದುದು. 1964ನೆಯ ಇಸವಿಯ ಜೂನ್ 29ರಂದು, ಎಂಬತ್ತನಾಲ್ಕು ವರ್ಷಗಳು ತುಂಬಲು ಮೂರೇ ದಿನಗಳಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು.

ಅವರ ತರುವಾಯ ಬಂದ ವಿದ್ವಾಂಸರು ಆ ಕಾರ್ಯವನ್ನು ಮುಂದುವರಿಸಿದರು. ಕರ್ನಾಟಕ ಸರಕಾರವು 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಬಿಜಾಪುರಕ್ಕೆ 2014ರಿಂದ ವಿಜಯಪುರವೆಂಬ ಹೆಸರಾಗಿದೆ. 1910ರಲ್ಲಿ ಹುಟ್ಟಿದ ಆ ವಿದ್ಯಾಸಂಘವು ಅಲ್ಲಿ ಇಂದು ಹಲವು ಕಾಲೇಜುಗಳನ್ನು ನಡೆಸುತ್ತಿದೆ. 1980ರಲ್ಲಿ ಆರಂಭವಾದ ಅದರ ಇಂಜಿನಿಯರಿಂಗ್ ಕಾಲೇಜಿಗೆ ಹಳಕಟ್ಟಿಯವರ ಹೆಸರನ್ನೇ ಇಡಲಾಗಿದೆ. ತನ್ನ ಊರಿನಲ್ಲಿ ಕಾಲೇಜಿಲ್ಲದೆ ದೂರದ ಮುಂಬಯಿಗೆ ಹೋದ ವಿಜ್ಞಾನದ ವಿದ್ಯಾರ್ಥಿಯೊಬ್ಬನ ಹೆಸರಿನ ವಿದ್ಯಾಲಯದಲ್ಲಿ ಆ ಸೀಮೆಯ ಮಕ್ಕಳು ಈಗ ಮನೆಯ ಹತ್ತಿರದಲ್ಲಿಯೇ ಓದುವರು.

ಇಂದಿನ ವಿದ್ಯಾರ್ಥಿಗೂ ಗೃಹಸ್ಥನಿಗೂ

ಹಳಕಟ್ಟಿಯವರ ಕಾಲಕ್ಕೆ ವಿದ್ಯಾರ್ಥಿಗೆ ಪುಸ್ತಕ ದುರ್ಲಭ, ಕಾಲೇಜು ದೂರ, ರೋಗದ ಭಯ ಹತ್ತಿರ. ಇಂದು ಪುಸ್ತಕವು ಅಂಗೈಯಲ್ಲಿಯೇ ದೊರೆಯುತ್ತದೆ. ಓಲೆಗರಿಯನ್ನು ಹುಡುಕಿ ಅವರು ಸುತ್ತಿದ ಹಾದಿಯನ್ನು ಇಂದಿನ ತರುಣನು ಮೊಬೈಲಿನ ಮೇಲೆ ಒಂದು ಬೆರಳಿನಿಂದ ಕ್ರಮಿಸಬಲ್ಲನು. ಆದರೆ ಅದೇ ಅಂಗೈಯೊಳಗಿನ ಯಂತ್ರವು ಅವನ ಇರುಳನ್ನೂ ಹಗಲನ್ನೂ ತಿಳಿಯದಂತೆ ಕಬಳಿಸುತ್ತಿದೆ. ಸಾಧನವು ಹೆಚ್ಚಿದಂತೆ ಕಾಲವೂ ಹೆಚ್ಚಬೇಕಾಗಿದ್ದಿತು. ಹೆಚ್ಚಿದುದು ಚೆಲ್ಲುವ ದಾರಿಗಳು.

ಅವರ ಬಾಳಿನಿಂದ ವಿದ್ಯಾರ್ಥಿಯು ಆಯ್ದುಕೊಳ್ಳಬೇಕಾದುದು ಕೆಲವೇ ಸಂಗತಿಗಳು. ಕೈಗೆತ್ತಿಕೊಂಡ ಪಾಠವನ್ನು, ಅದು ಯಾವುದೇ ಆಗಿರಲಿ, ಬೇರು ಮುಟ್ಟುವಂತೆ ಕಲಿಯಬೇಕು. ಅದರ ಕ್ರಮವು ಎಲ್ಲಿಯಾದರೂ ಒದಗುವುದು. ಓದಲು ಹೋದ ಊರನ್ನು ಕಣ್ಣು ತೆರೆದು ನೋಡಬೇಕು. ಅಲ್ಲಿಯ ಜನರ ಒಳ್ಳೆಯದನ್ನು ಕಂಡು ತನ್ನ ಜನರ ಕೊರತೆಯನ್ನು ತಿಳಿಯಬೇಕು. ತನಗಿಂತ ಹಿರಿದಾದುದನ್ನು ಬಯಸುವ ಗೆಳೆಯರನ್ನು ಆರಿಸಿಕೊಳ್ಳಬೇಕು. ಕಾಲೇಜನ್ನು ಬಿಡುವ ಮೊದಲು, ಉದ್ಯೋಗದ ಸಂಕಲ್ಪದ ಜೊತೆಗೆ ಸೇವೆಯ ಸಂಕಲ್ಪವೊಂದನ್ನು ಮಾಡಿರಬೇಕು. ಅದು ಚಿಕ್ಕದಾಗಿದ್ದರೂ ಬಾಧಕವಿಲ್ಲ. ತನ್ನ ಊರಿನ ಶಾಲೆಗೆ ಒಂದು ಕಪಾಟು ಪುಸ್ತಕ, ಬಡ ಹುಡುಗಿಯೊಬ್ಬಳ ವರ್ಷದ ಶುಲ್ಕ, ಮಠದ ಓಲೆಗಳನ್ನು ಓದಬಲ್ಲಷ್ಟು ಹಳಗನ್ನಡ, ಇಂಥದೇ ಒಂದು. ಹತ್ತೊಂಬತ್ತು ವರ್ಷ ಕಾಯಲು ಸಿದ್ಧನಾದವನಿಗೆ ಚಿಕ್ಕ ಸಂಕಲ್ಪವೂ ದೊಡ್ಡದಾಗಿ ಬೆಳೆಯುವುದು.

ಗೃಹಸ್ಥರಿಗೂ ಇದರಲ್ಲಿ ಒಂದು ಪಾಲಿದೆ. ಮಗನಾಗಲಿ ಮಗಳಾಗಲಿ ಕಾಲೇಜಿನಿಂದ ಮನೆಗೆ ಬಂದಾಗ ತಂದೆತಾಯಿಗಳು ಅಂಕಗಳನ್ನು ಕೇಳುವರು, ಮುಂದಿನ ಸಂಬಳವನ್ನು ಕೇಳುವರು. ಆ ಚಿಂತೆಯು ಸಹಜವೇ. ಸಾಲ ಮಾಡಿ ಓದಿಸಿದವರಿಗೆ ಅದನ್ನು ಬಿಡೆಂದು ಹೇಳುವುದು ನ್ಯಾಯವಲ್ಲ. ಆದರೆ ಅದರೊಡನೆ ಇನ್ನೊಂದನ್ನೂ ವಿಚಾರಿಸಬೇಕು. ಈ ವರ್ಷ ಏನನ್ನು ಕಂಡೆ, ಯಾರ ಸಂಗದಲ್ಲಿರುವೆ, ಯಾವುದಕ್ಕೆ ಮನಸ್ಸು ಮಿಡಿಯಿತು ಎಂಬುದನ್ನು ಕೇಳುವ ಮನೆಯಲ್ಲಿ ಮಕ್ಕಳ ಸಂಕಲ್ಪವು ಬಾಡುವುದಿಲ್ಲ. ಪುಸ್ತಕವೂ ಬರವಣಿಗೆಯೂ ಇದ್ದ ಒಬ್ಬ ಶಿಕ್ಷಕನ ಮನೆಯಿಂದಲೇ ಹಳಕಟ್ಟಿಯವರು ಹೊರಟುದೆಂಬುದನ್ನು ನೆನೆಯಬೇಕು.

ವಿದ್ಯಾರ್ಥಿಗೆ ಓದೇ ಕಾಯಕ. ಓದಿನ ಫಲವನ್ನು ಹಂಚುವುದೇ ದಾಸೋಹ. ಇವೆರಡರ ನಡುವಿನ ಕಾಲವು ಗುರು ಲಿಂಗ ಜಂಗಮರ ಕೃಪೆಯಿಂದ ಬಂದ ಪ್ರಸಾದ. ಅದನ್ನು ಅಗುಳೂ ಉಳಿಯದಂತೆ ಸ್ವೀಕರಿಸುವ ಬುದ್ಧಿಯನ್ನು ಪರಶಿವನು ನಾಡಿನ ಮಕ್ಕಳಿಗೆ ಕರುಣಿಸಲಿ.